ಮೂರು ವರ್ಷ ಕಳೀತು, ಇನ್ನು ಕೇಸ್ ಹಾಕ್ಲಿಕ್ಕೆ ಆಗ್ತದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವ್ರದ್ದು ಒಂದೇ ಚಿಂತೆ. ಒಟ್ಟಿಗೆ ಇದ್ದವ್ರು ಬೇರೆ ಆಗಿದ್ದಾರೆ, ಗಂಡ ಹೆಂಡತಿ ಇರ್ಬಹುದು, ಮದುವೆ ಆಗದೆ ಒಟ್ಟಿಗೆ ಇದ್ದವ್ರು ಇರ್ಬಹುದು, ವ್ಯಾಪಾರದ ಪಾಲುದಾರ್ರು ಇರ್ಬಹುದು, ಜಾಗ ಹಣ ಚಿನ್ನ ಮಾತ್ರ ಆಚೆಯವ್ರ ಕೈಯಲ್ಲೇ ಉಳಿದಿದೆ, ಈಗ ಯಾರೋ ಹೇಳಿದ್ದಾರೆ "ಮೂರು ವರ್ಷ ಆಯ್ತಲ್ಲ, ಇನ್ನು ಎಂತ ಮಾಡ್ಲಿಕ್ಕೂ ಆಗುದಿಲ್ಲ" ಅಂತ. ಅರ್ಧ ಸರಿ ಅದು, ಅರ್ಧ ತಪ್ಪು. 1963ರ ಲಿಮಿಟೇಶನ್ ಆಕ್ಟ್‌ನಲ್ಲಿ (ಕೇಸ್ ಹಾಕ್ಲಿಕ್ಕೆ ಇರುವ ಗಡುವಿನ ಕಾನೂನು) "ಬಿಟ್ಟುಹೋದವ್ರ ಮೇಲೆ ಇಷ್ಟು ವರ್ಷದೊಳಗೆ" ಅಂತ ಒಂದು ಲೆಕ್ಕ ಇಲ್ಲವೇ ಇಲ್ಲ. ನೀವು ಕೋರ್ಟಲ್ಲಿ ಕೇಳುದು ಎಂತದ್ದು ಅನ್ನುದರ ಮೇಲೆ ಅವಧಿ. ಕೈಸಾಲಕ್ಕೆ ಒಂದು, ಫ್ಲಾಟಿಗೆ ಒಂದು, ಚಿನ್ನಕ್ಕೆ ಮತ್ತೊಂದು. ಒಂದೇ ಸಂಸಾರದ ಮೂರು ವಸ್ತುವಿಗೆ ಮೂರು ಬೇರೆ ಬೇರೆ ಕೊನೆ ದಿನ ಇರ್ಬಹುದು.

ಪ್ರಶ್ನೆ: ಮೇಡಂ, ನಾನು ಒಂದು ಪ್ರೈವೇಟ್ ಕಂಪೆನಿಯಲ್ಲಿ ಅಕೌಂಟ್ಸ್ ನೋಡ್ತೇನೆ. 2016ರಲ್ಲಿ ನಾನು ಮತ್ತು ಆಗಿನ ಗಂಡ ಇಬ್ಬರ ಹೆಸರಲ್ಲಿ ಫ್ಲಾಟ್ ತೆಗೊಂಡದ್ದು, ಲೋನೂ ಇಬ್ಬರ ಹೆಸರಲ್ಲಿ. 2019ರಿಂದ ನಾನು ಅಮ್ಮನ ಮನೆಯಲ್ಲಿ, 2021ರಲ್ಲಿ ಮ್ಯೂಚುವಲ್ ಡೈವೋರ್ಸ್ ಆಯ್ತು. ಅವರು ಫ್ಲಾಟಲ್ಲೇ ಇದ್ದಾರೆ, ತಿಂಗಳ ಕಂತು 18,000 ಈಗ್ಲೂ ನನ್ನ ಸಂಬಳದ ಅಕೌಂಟಿಂದ್ಲೇ ಕಟ್ ಆಗ್ತದೆ, ನಿಲ್ಲಿಸಿದ್ರೆ ಸಿಬಿಲ್ ಹಾಳಾಗ್ತದೆ ಅಂತ ಹೆದರಿ ನಿಲ್ಲಿಸ್ಲಿಲ್ಲ. ಮದುವೆಯಲ್ಲಿ ಹಾಕಿದ 32 ಪವನ್ ಚಿನ್ನ ಅತ್ತೆಯ ಲಾಕರಲ್ಲಿ ಉಂಟು. ಕೇಳಿದ್ರೆ "ಡೈವೋರ್ಸ್ ಆಗಿ ನಾಲ್ಕು ವರ್ಷ ಆಯ್ತು, ಇನ್ನು ಹಕ್ಕಿಲ್ಲ" ಅಂತಾರೆ. ನಿಜವಾ? (ಹೆಸರು ಬೇಡ, ಕಾವೂರು)

ಉತ್ತರ: ಮೊದಲು ಒಂದು ಕೆಲಸ ಮಾಡಿ ತಂಗಿ, ನಿಮ್ಮ ಮ್ಯೂಚುವಲ್ ಪಿಟಿಷನ್ನಿನ ಕಾಪಿ ಹುಡುಕಿ ತೆಗೀರಿ, ಇಲ್ಲದಿದ್ರೆ ಫ್ಯಾಮಿಲಿ ಕೋರ್ಟಲ್ಲಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಅದ್ರಲ್ಲಿ ಕೊನೆಯ ಎರಡು ಮೂರು ಪ್ಯಾರಾ ಉಂಟಲ್ಲ, ಎಲ್ಲರೂ ಓದದೆ ಸೈನ್ ಮಾಡುವ ಜಾಗ, ಅಲ್ಲಿ "ಒಡವೆ ವಸ್ತುಗಳನ್ನು ಪರಸ್ಪರ ಹಿಂದಿರುಗಿಸಲಾಗಿದೆ, ಮುಂದೆ ಯಾವ ಕ್ಲೈಮೂ ಇರುವುದಿಲ್ಲ" ಅಂತ ಒಂದು ವಾಕ್ಯ ಕೂತಿರ್ತದೆ ಎಷ್ಟೋ ಸಲ. ಅದು ಇದ್ರೆ ನಿಮ್ಮ ತೊಂದ್ರೆ ವರ್ಷದ್ದಲ್ಲ, ನಿಮ್ಮ ಸಹಿಯದ್ದು, ಆಗ ದಾರಿ ಬಹಳ ಕಷ್ಟ. ಇಲ್ಲ ಅಂತ ಇಟ್ಕೊಂಡು ಮುಂದೆ ಹೇಳ್ತೇನೆ.

ಫ್ಲಾಟ್. ಡೈವೋರ್ಸ್ ಆದ ಕೂಡ್ಲೇ ಎಲ್ಲ ಆಸ್ತಿ ಅರ್ಧ ಅರ್ಧ ಅಂತ ಸಿನೆಮಾದಲ್ಲಿ ನೋಡಿ ತುಂಬ ಜನ ಕೇಳ್ತಾರೆ, ನಮ್ಮಲ್ಲಿ ಹಾಗೆ ಕಾನೂನಿಲ್ಲ. ಇಲ್ಲಿಂದ ಸ್ವಲ್ಪ ಮೇಲೆ ಗೋವಾಕ್ಕೆ ಹೋದ್ರೆ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಪ್ರಕಾರ ಗಂಡ ಹೆಂಡತಿಗೆ ಸಮಪಾಲು ಅನ್ನುದುಂಟು, ಕರ್ನಾಟಕದಲ್ಲಿ ಇಲ್ಲ. ಇಲ್ಲಿ ದಸ್ತಾವೇಜಿನಲ್ಲಿ ಯಾರ ಹೆಸರು, ಹಣ ಯಾರದ್ದು, ಅದೇ ಮುಖ್ಯ. ನಿಮ್ಮ ಸೇಲ್ ಡೀಡಲ್ಲಿ ಇಬ್ಬರ ಹೆಸರುಂಟು, ಹಾಗಾಗಿ ನೀವು ಸಹ ಮಾಲೀಕರು, ಡೈವೋರ್ಸ್ ಆದ್ರೂ ಮಾಲೀಕತ್ವ ಹೋಗುದಿಲ್ಲ. ಸಹ ಮಾಲೀಕರು ಪಾಲು ಕೇಳ್ಲಿಕ್ಕೆ ಮೂರು ವರ್ಷದ ಗಡುವಿಲ್ಲ. ಅವರು ಸುಮ್ಮನೆ ಒಳಗೆ ವಾಸ ಇದ್ದ ಮಾತ್ರಕ್ಕೆ ನಿಮ್ಮ ಹಕ್ಕು ಸವೆಯುದಿಲ್ಲ. "ಇದು ನನ್ನೊಬ್ಬನದ್ದೇ, ನಿನಗೆ ಇದ್ರಲ್ಲಿ ಎಂತದೂ ಇಲ್ಲ" ಅಂತ ಬಹಿರಂಗವಾಗಿ ನಿಮ್ಮನ್ನು ಹೊರಗಿಟ್ಟ ದಿನದಿಂದ 12 ವರ್ಷ, ಆ ಲೆಕ್ಕ ಮಾತ್ರ ಇರುದು. ಹಾಗೆ ಬರೆದು ಕಳಿಸಿದ ಮೆಸೇಜೋ ನೋಟೀಸೋ ಇದ್ರೆ ಅದರ ತಾರೀಕು ಬರೆದಿಟ್ಕೊಳ್ಳಿ. ಕೇಸ್ ಹಾಕ್ಬೇಕಾದದ್ದು ಫ್ಯಾಮಿಲಿ ಕೋರ್ಟಲ್ಲಿ, 1984ರ ಫ್ಯಾಮಿಲಿ ಕೋರ್ಟ್ಸ್ ಆಕ್ಟ್ ಸೆಕ್ಷನ್ 7ರಲ್ಲಿ ದಂಪತಿಗಳ ಆಸ್ತಿ ವ್ಯಾಜ್ಯ ಅಲ್ಲಿಗೇ ಕೊಟ್ಟಿದೆ, ಡೈವೋರ್ಸ್ ಆದ ಮೇಲೂ ಅಲ್ಲೇ ಅಂತ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ಫ್ಲಾಟನ್ನು ತೆಂಗಿನ ತೋಟದ ಹಾಗೆ ನಡುವೆ ಬೇಲಿ ಹಾಕಿ ಪಾಲು ಮಾಡ್ಲಿಕ್ಕೆ ಆಗುದಿಲ್ಲವಲ್ಲ, ಹಾಗಾಗಿ 1893ರ ಪಾರ್ಟಿಷನ್ ಆಕ್ಟ್ ಪ್ರಕಾರ ಮಾರಿ ಹಣ ಹಂಚುದು, ಅಥವಾ ಒಬ್ರ ಪಾಲನ್ನು ಇನ್ನೊಬ್ರು ಬೆಲೆ ಕೊಟ್ಟು ತೆಗೊಳ್ಳುದು.

ಕಂತಿನ ವಿಷಯ ಮಾತ್ರ ಅರ್ಜೆಂಟ್. ಅವರ ಪಾಲಿನ ಸಾಲವನ್ನು ನೀವು ಕಟ್ಟಿದ್ರೆ ಅದನ್ನು ವಾಪಸ್ ಕೇಳ್ಬಹುದು, ಅದಕ್ಕೆ ಮೂರು ವರ್ಷ, ಮತ್ತು ಒಂದೊಂದು ಕಂತಿಗೂ ಕಟ್ಟಿದ ದಿನದಿಂದ ಬೇರೆ ಬೇರೆ ಮೂರು ವರ್ಷ. ನೀವೇ ಅಕೌಂಟ್ಸ್ ನೋಡುವವ್ರು, ಲೆಕ್ಕ ಹಾಕಿ. ಈ 2025ರ ಡಿಸೆಂಬರಲ್ಲಿ ಕೇಸ್ ಹಾಕಿದ್ರೆ 2022ರ ಡಿಸೆಂಬರ್‌ನಿಂದ ಈಚೆಗಿನ ಕಂತು ಸಿಗ್ತದೆ, ಅವರ ಪಾಲು ತಿಂಗಳಿಗೆ 9,000, ಮೂರು ವರ್ಷಕ್ಕೆ 3,24,000. ಬರುವ ಜೂನಿಗೆ ಹಾಕುವ ಅಂತ ಕೂತ್ರೆ ಹಳೆಯ ಆರು ಕಂತು, 54,000, ಹಿಂದಿನಿಂದ ಉದುರಿ ಹೋಯ್ತು. ಕೋವಿಡ್ ಸಮಯದ ರಿಯಾಯಿತಿ ಉಂಟಲ್ಲ ಅಂತ ಕೇಳ್ಬಹುದು, ಹೌದು, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ವರೆಗಿನ ಸಮಯವನ್ನು ಲೆಕ್ಕದಿಂದ ಬಿಡ್ಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಇತ್ತು, ಆದ್ರೆ ಅದನ್ನು ಸೇರಿಸಿದ್ರೂ ಆ ಅವಧಿಯ ಕಂತುಗಳ ವಾಯಿದೆ 2025ರ ಫೆಬ್ರವರಿ ಕೊನೆಗೆ ಮುಗಿದಿದೆ. ಪಾಲಿನ ಕೇಸಲ್ಲಿ ಕೊನೆಗೆ ಹಣ ಹಂಚುವಾಗ "ನಾನು ಇಷ್ಟು ಜಾಸ್ತಿ ಕಟ್ಟಿದ್ದೇನೆ, ಅದನ್ನು ನೋಡಿ ಹಂಚಿ" ಅಂತ ಹಳೆದನ್ನೂ ಕೇಳ್ಬಹುದು, ಕೇಳಿ ಸಹ, ಆದ್ರೆ ಅದು ಜಡ್ಜ್ ನ್ಯಾಯ ಅಂತ ಕಂಡ್ರೆ ಕೊಡುದು, ಗ್ಯಾರಂಟಿ ಇಲ್ಲ. ಮತ್ತೆ ಬ್ಯಾಂಕಿಗೆ ನಿಮ್ಮ ಡೈವೋರ್ಸ್ ಕಟ್ಟಿಕೊಂಡು ಎಂತ ಆಗ್ಬೇಕು, ಅವ್ರಿಗೆ ಇಬ್ಬರೂ ಸಾಲಗಾರ್ರೇ, ಯಾರ ಹತ್ರ ಬೇಕಾದ್ರೂ ಪೂರ್ತಿ ಕೇಳ್ತಾರೆ, ಕಂತು ನಿಲ್ಲಿಸ್ಬೇಡಿ.

ಚಿನ್ನಕ್ಕೆ ಬರುವ. ಅದು ನಿಮ್ಮ ಸ್ತ್ರೀಧನ, ಗಂಡನ ಮನೆಯವ್ರ ಹತ್ರ ಇದ್ರೂ ಮಾಲೀಕರು ನೀವೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿ ಆಗಿದೆ. ಇಲ್ಲಿ ನಿಮಗೆ ಎರಡು ದಾರಿ. ಒಂದು ಸಿವಿಲ್ ದಾವೆ, ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ಕೇಳಿದ ಮೇಲೆ "ಕೊಡುದಿಲ್ಲ" ಅಂದ ದಿನದಿಂದ ಮೂರು ವರ್ಷ. ಇದನ್ನು ಗಮನಿಸಿ, ಡೈವೋರ್ಸಿನ ತಾರೀಕಿನಿಂದ ಅಲ್ಲ. ಹಾಗಾಗಿ ಇವತ್ತು ಜೋರಲ್ಲಿ ಒಂದು ನೋಟೀಸ್ ಕಳಿಸಿ, ಅವ್ರಿಂದ "ಕೊಡುದಿಲ್ಲ" ಅಂತ ಉತ್ತರ ತರಿಸಿ, ಆಮೇಲೆ ಮದುವೆ ಮುಂಜಿ ಕೋಲ ಅಂತ ಮರೆತು ಬಿಟ್ರೆ ಗಡಿಯಾರ ಸ್ಟಾರ್ಟ್ ಮಾಡಿದ್ದು ನೀವೇ ಆಗ್ತೀರಿ. ಇನ್ನೊಂದು ದಾರಿ 2005ರ ಡೊಮೆಸ್ಟಿಕ್ ವಯಲೆನ್ಸ್ ಆಕ್ಟ್, ಅದ್ರಲ್ಲಿ ಸ್ತ್ರೀಧನ ವಾಪಸ್ ಕೊಡಿಸುವ ಆದೇಶ ಮ್ಯಾಜಿಸ್ಟ್ರೇಟರು ಮಾಡ್ಬಹುದು. ಬೇರೆ ಆದ ಮೇಲೆ ಕೂಡ ಚಿನ್ನ ಇಟ್ಟುಕೊಂಡೇ ಇರುದು ಮುಂದುವರಿಯುತ್ತಾ ಇರುವ ತಪ್ಪು ಅಂತ 2015ರಲ್ಲಿ, ಈ ಅರ್ಜಿಗೆ ಒಂದು ವರ್ಷದ ಕ್ರಿಮಿನಲ್ ಕಾಲಮಿತಿ ಅಡ್ಡ ಬರುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೆ ಒಂದೇ ಮನೆಯಲ್ಲಿ ಇದ್ದದ್ದು ಸಾಕು. ನಿಮ್ಮ ಕೇಸಲ್ಲಿ ನಾನಾದ್ರೆ ಇದನ್ನೇ ಮೊದಲು ಹಾಕ್ತಿದ್ದೆ.

ಪ್ರೂಫಿಗೆ ಆಲ್ಬಮ್ ತೆಗೆದು ಕೂತ್ಕೊಳ್ಳಿ. ಧಾರೆ ಸೀರೆಯಲ್ಲಿ ಇರುವ ಫೋಟೋ, ರಿಸೆಪ್ಶನ್ ಫೋಟೋ, ಒಂದೊಂದು ಸರ, ಬಳೆ, ಸೊಂಟಪಟ್ಟಿ ಯಾವ ಅಂಗಡಿಯ ಯಾವ ಬಿಲ್ಲಿನದ್ದು ಅಂತ ಪೆನ್ಸಿಲಲ್ಲಿ ನಂಬರ್ ಹಾಕಿ. ಬಿಲ್ ಅಪ್ಪನ ಹೆಸರಲ್ಲಿ ಇದ್ರೂ ಅಡ್ಡಿಲ್ಲ. ಸುಮ್ಮನೆ "32 ಪವನ್" ಅಂತ ಒಂದು ಸಾಲು ಬರೆದು ಹೋದ್ರೆ ಆಚೆ ವಕೀಲರು ಕ್ರಾಸಲ್ಲಿ (ಪಾಟೀಸವಾಲಲ್ಲಿ) ಒಂದೊಂದೇ ಕಿತ್ತು ಹಾಕ್ತಾರೆ.

ಪ್ರಶ್ನೆ: ನಾನು ಮತ್ತು ಅವನು ಮಣಿಪಾಲದಲ್ಲಿ ಬಾಡಿಗೆ ಮನೆಯಲ್ಲಿ ಮೂರು ವರ್ಷ ಒಟ್ಟಿಗೆ ಇದ್ದೆವು, ಮದುವೆ ಆಗುದು ಅಂತ್ಲೇ ಮಾತು. 2021ರ ಮಾರ್ಚಲ್ಲಿ ದುಬೈ ಕೆಲಸಕ್ಕೆ ಅಂತ 6 ಲಕ್ಷ ಕೇಳಿದ, ನನ್ನ ಚಿನ್ನ ಸೊಸೈಟಿಯಲ್ಲಿ ಅಡವಿಟ್ಟು ಅವನ ಅಕೌಂಟಿಗೆ ಹಾಕಿದೆ. ಜೂನಲ್ಲಿ ಹೋದ. 2023ರಲ್ಲಿ ಮತ್ತು 2024ರಲ್ಲಿ ಒಂದೊಂದು ತಿಂಗಳು ರಜೆಗೆ ಬಂದಿದ್ದ, ಈಗ ಬೇರೆ ಮದುವೆ ಮಾತುಕತೆ ಆಗ್ತಾ ಉಂಟಂತೆ. "ಕೊಡ್ತೇನೆ ಮಾರಾಯ್ತಿ" ಅಂತ ವಾಟ್ಸಾಪಲ್ಲಿ ತುಂಬ ಸಲ ಹಾಕಿದ್ದಾನೆ. ನಾಲ್ಕೂವರೆ ವರ್ಷ ಆಯ್ತು, ಹಣ ಹೋದ ಹಾಗೇನಾ? (ಸುರತ್ಕಲ್)

ಉತ್ತರ: ಹೋಗ್ಲಿಲ್ಲ. ನಮ್ಮ ಜಿಲ್ಲೆಯವ್ರಿಗೆ ಗೊತ್ತಿರ್ಲೇಬೇಕಾದ ಒಂದು ವಿಷಯ ಇಲ್ಲುಂಟು, ಯಾಕಂದ್ರೆ ಮನೆಗೊಬ್ರು ಗಲ್ಫಲ್ಲಿ. ಲಿಮಿಟೇಶನ್ ಆಕ್ಟ್ ಸೆಕ್ಷನ್ 15ರ ಐದನೇ ಉಪವಿಧಿ ಹೇಳುದು, ಯಾರ ಮೇಲೆ ಕೇಸೋ ಅವ್ರು ಭಾರತದಿಂದ ಹೊರಗಿದ್ದ ಸಮಯವನ್ನು ಲೆಕ್ಕಕ್ಕೆ ತೆಗೊಳ್ಬಾರ್ದು ಅಂತ. ಕೈಸಾಲಕ್ಕೆ ಕೊಟ್ಟ ದಿನದಿಂದ ಮೂರು ವರ್ಷ, ಅದು ಸರಿ. ಆದ್ರೆ ನೀವು ಕೊಟ್ಟದ್ದು ಕೋವಿಡ್ ರಿಯಾಯಿತಿಯ ಒಳಗೆ, ಲೆಕ್ಕ ಶುರು ಆಗುದೇ 2022ರ ಮಾರ್ಚ್ 1ರಿಂದ, ಆಗ ಅವನು ದುಬೈಯಲ್ಲಿ. ಇಲ್ಲಿ ಇದ್ದದ್ದು ರಜೆಯ ಎರಡು ತಿಂಗಳು ಮಾತ್ರ ಅಂತಾದ್ರೆ ನಿಮ್ಮ ಮೂರು ವರ್ಷದಲ್ಲಿ ಖರ್ಚಾದದ್ದು ಆ ಎರಡು ತಿಂಗಳು. ಅವನು ಕೆಲಸ ಬಿಟ್ಟು ಊರಿಗೆ ಬಂದು ಕೂತ್ರೆ ಮಾತ್ರ ದಿನ ಓಡ್ಲಿಕ್ಕೆ ಶುರು ಆಗ್ತದೆ.

ಇದು ತನ್ನಿಂದ ತಾನೇ ಆಗುದಿಲ್ಲ ಅನ್ನುದು ನೆನಪಿರ್ಲಿ. ಪ್ಲೇಂಟಲ್ಲೇ, ಅಂದ್ರೆ ದಾವೆಯ ಅರ್ಜಿಯಲ್ಲೇ ಬರೀಬೇಕು, "ಅವಧಿ ಮೀರಿದ ಹಾಗೆ ಕಂಡ್ರೂ ಪ್ರತಿವಾದಿ ಇಂತಿಂಥ ದಿನ ವಿದೇಶದಲ್ಲಿದ್ದ ಕಾರಣ ವಿನಾಯಿತಿ ಕೇಳ್ತೇವೆ" ಅಂತ, ಸಿವಿಲ್ ಪ್ರೊಸೀಜರ್ ಕೋಡಲ್ಲಿ ಆರ್ಡರ್ 7 ರೂಲ್ 6 ಹಾಗೆ ಕೇಳ್ತದೆ. ಆಚೆಯವ್ರು ತಕರಾರು ಎತ್ತದಿದ್ರೂ ಅವಧಿ ಮೀರಿದ ಕೇಸನ್ನು ಕೋರ್ಟ್ ತಾನೇ ವಜಾ ಮಾಡ್ಬೇಕು, ಸೆಕ್ಷನ್ 3. ವೀಸಾ ಕಾಪಿ, ಟಿಕೆಟ್, ಏರ್‌ಪೋರ್ಟ್ ಫೋಟೋ, "ರಜೆ ಸಿಕ್ತು, ಬರ್ತೇನೆ" ಅಂತ ಹಾಕಿದ ಮೆಸೇಜ್, ಎಲ್ಲ ಒಟ್ಟು ಮಾಡಿ.

ಅವನು ಬಂದು ಹೇಳುದು ಎಂತ ಗೊತ್ತುಂಟಾ, "ಅದು ಸಾಲ ಅಲ್ಲ, ಪ್ರೀತಿಯಲ್ಲಿ ಕೊಟ್ಟದ್ದು" ಅಂತ. ಪ್ರತಿ ಕೇಸಲ್ಲೂ ಇದೇ ಹಾಡು. ಅದಕ್ಕೆ ನಿಮ್ಮ ಹತ್ರ ಒಳ್ಳೆ ಉತ್ತರ ಉಂಟು, ಸೊಸೈಟಿಯ ಅಡವಿನ ರಶೀದಿ. ಬೆಳಿಗ್ಗೆ ಚಿನ್ನ ಅಡವಿಟ್ಟು ಮಧ್ಯಾಹ್ನ ಆ ಹಣ ಅವನ ಅಕೌಂಟಿಗೆ ಹೋಗಿದ್ರೆ, ಆಮೇಲೆ ಬಡ್ಡಿ ಕಟ್ಟುತ್ತಾ ಬಂದದ್ದೂ ನೀವೇ ಆದ್ರೆ, ಬಡ್ಡಿಗೆ ಹಣ ತಂದು ಯಾರೂ ಗಿಫ್ಟ್ ಕೊಡುದಿಲ್ಲ ಅಂತ ಯಾವ ಜಡ್ಜಿಗೂ ಅರ್ಥ ಆಗ್ತದೆ. ಜೊತೆಗೆ "ಕೊಡ್ತೇನೆ" ಅನ್ನುವ ಮೆಸೇಜು.

ಆ ಮೆಸೇಜಿನ ಬಗ್ಗೆ. ಅವಧಿ ಮುಗಿಯುವ ಮೊದಲು ಸಾಲ ಉಂಟು ಅಂತ ಬರೆದು ಸಹಿ ಮಾಡಿ ಒಪ್ಪಿಕೊಂಡ್ರೆ ಆ ದಿನದಿಂದ ಹೊಸ ಮೂರು ವರ್ಷ, ಇದು ಸೆಕ್ಷನ್ 18. ಇಮೇಲಲ್ಲಿ ಒಪ್ಪಿಕೊಂಡದ್ದನ್ನು ನಮ್ಮ ಹೈಕೋರ್ಟು 2013ರಲ್ಲೇ ಮಾನ್ಯ ಮಾಡಿದೆ, ವಾಟ್ಸಾಪನ್ನೂ ಅದೇ ದಾರಿಯಲ್ಲಿ ವಾದಿಸ್ಬಹುದು, ಆದ್ರೆ "ಕೊಡ್ತೇನೆ ಮಾರಾಯ್ತಿ" ಅಂದ್ರೆ ಎಂತ ಕೊಡುದು, ಯಾವ ಹಣ, ಎಷ್ಟು, ಎಲ್ಲ ಮಸುಕು. ಈಗ ಮಾತಾಡುವ ಸಂಬಂಧ ಇದ್ರೆ ಜಗಳ ಮಾಡದೆ ಒಂದು ಪ್ರಶ್ನೆ ಹಾಕಿ, "2021ರ ಮಾರ್ಚಲ್ಲಿ ತೆಗೊಂಡ 6 ಲಕ್ಷ ಯಾವಾಗ ಕೊಡ್ತೀಯ" ಅಂತ. ಅವನು "ಮುಂದಿನ ವರ್ಷ" ಅಂದ್ರೂ ಸಾಕಷ್ಟು ಆಯ್ತು. ಬರೀ ಸ್ಕ್ರೀನ್‌ಶಾಟ್ ನಂಬಿ ಆ ಫೋನ್ ಎಕ್ಸ್‌ಚೇಂಜಿಗೆ ಕೊಡ್ಬೇಡಿ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ (ಫೋನಿನ ದಾಖಲೆ ಅಸಲಿ ಅಂತ ಬರೆದು ಕೊಡುದು) ಜೊತೆಗೆ ಬೇಕು, ಮೂಲ ಫೋನ್ ಕೈಯಲ್ಲಿದ್ರೆ ಕೆಲಸ ಸುಲಭ.

ಕೋರ್ಟು ಇಲ್ಲಿ ಮಾಮೂಲಿ ಸಿವಿಲ್ ಕೋರ್ಟು, ಮದುವೆ ಆಗದ ಕಾರಣ ಫ್ಯಾಮಿಲಿ ಕೋರ್ಟ್ ಅಲ್ಲ. ಆದ್ರೆ ಗಂಡ ಹೆಂಡತಿ ಹಾಗೆಯೇ ಒಂದು ಮನೆ ನಡೆಸಿದ್ದು ತೋರಿಸ್ಲಿಕ್ಕೆ ಆದ್ರೆ ಡೊಮೆಸ್ಟಿಕ್ ವಯಲೆನ್ಸ್ ಆಕ್ಟ್ ನಿಮಗೂ ಅನ್ವಯ ಆಗ್ತದೆ. ಅವನ ಹೆಸರಲ್ಲಿ ಊರಲ್ಲಿ ಸೆಂಟ್ಸ್ ಲೆಕ್ಕದ ಜಾಗ ಆದ್ರೂ ಉಂಟಾ ಅಂತ ಆರ್‌ಟಿಸಿ (ಪಹಣಿ), ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ, ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ ಆದ ಮೇಲೆ ದುಬೈಗೆ ಹುಡುಕಿಕೊಂಡು ಹೋಗುದಕ್ಕಿಂತ ಅದನ್ನು ಜಪ್ತಿ ಮಾಡಿಸುದು ಸುಲಭ, ಡಿಕ್ರಿ ಜಾರಿ ಮಾಡ್ಲಿಕ್ಕೆ 12 ವರ್ಷ ಉಂಟು.

ಪ್ರಶ್ನೆ: ನಾನೂ ನನ್ನ ದೋಸ್ತಿಯೂ ಸೇರಿ ಟ್ರಾಲ್ ಬೋಟ್ ಮಾಡಿದ್ದು, ಸ್ಟಾಂಪ್ ಪೇಪರಲ್ಲಿ ಅಗ್ರಿಮೆಂಟ್ ಉಂಟು, ಫರ್ಮ್ ರಿಜಿಸ್ಟರ್ ಮಾಡ್ಲಿಲ್ಲ. 2023ರ ಆಗಸ್ಟಲ್ಲಿ ಮಳೆಗಾಲದ ರಜೆ ಮುಗಿದು ಬೋಟ್ ಇಳಿಸುವಾಗ ಜಗಳ ಆಗಿ "ಇನ್ನು ಪಾಲುದಾರಿಕೆ ಇಲ್ಲ" ಅಂತ ಬರೆದು ಕಳಿಸಿದ. ಬೋಟ್ ಅವನೇ ಓಡಿಸ್ತಾನೆ, ಡೀಸೆಲ್, ಐಸಿನ ಹಳೆ ಬಾಕಿ ಸುಮಾರು 7 ಲಕ್ಷ ನಾನು ಕಟ್ಟಿದೆ. ಹಿರಿಯರು ಪಂಚಾತಿಕೆ ಮಾಡ್ತಾ ಇದ್ದಾರೆ, ಎರಡು ವರ್ಷ ಆಯ್ತು. ಕಾಯ್ಬಹುದಾ? (ಮಲ್ಪೆ)

ಉತ್ತರ: ಕಾಯ್ಬೇಡಿ. ಪಾಲುದಾರಿಕೆ ಮುರಿದ ದಿನದಿಂದ ಮೂರು ವರ್ಷದೊಳಗೆ ಲೆಕ್ಕ ಕೇಳಿ ದಾವೆ ಹಾಕ್ಬೇಕು, ಅವಧಿ ನಿರ್ದಿಷ್ಟ ಇಲ್ಲದ ಪಾಲುದಾರಿಕೆಯನ್ನು ಬರೆದು ತಿಳಿಸಿ ಮುರಿಯಬಹುದು, ಅವನು ಹಾಗೆ ಮಾಡಿ ಆಗಿದೆ, ಅಂದ್ರೆ ನಿಮಗೆ 2026ರ ಆಗಸ್ಟ್. ಹಿರಿಯರು ಕೂತು ಮಾತಾಡಿದ್ರೆ ಕಾನೂನಿನ ಗಡಿಯಾರ ನಿಲ್ಲುದಿಲ್ಲ, ಲಾಯರ್ ನೋಟೀಸ್ ಕೊಟ್ರೂ ನಿಲ್ಲುದಿಲ್ಲ. ಕೇಸ್ ಫೈಲ್ ಆದ್ರೆ ಮಾತ್ರ. "ತಡ ಆಯ್ತು, ಕ್ಷಮಿಸಿ" ಅಂತ ಅರ್ಜಿ ಹಾಕುವ ಸೆಕ್ಷನ್ 5 ಉಂಟಲ್ಲ, ಅದು ಅಪೀಲಿಗೆ, ಬೇರೆ ಅರ್ಜಿಗಳಿಗೆ, ಹೊಸ ದಾವೆಗೆ ಅದು ಇಲ್ಲ, ಒಂದು ದಿನ ತಡ ಆದ್ರೂ ಮುಗೀತು. ಕೊನೆ ದಿನ ಕೋರ್ಟಿಗೆ ರಜೆ ಇದ್ರೆ ಬಾಗಿಲು ತೆರೆದ ದಿನ ಹಾಕ್ಬಹುದು, ಅಷ್ಟೇ ಸಲಿಗೆ.

ರಿಜಿಸ್ಟರ್ ಆಗದ ಫರ್ಮಿನವ್ರಿಗೆ ಕೋರ್ಟ್ ಬಾಗಿಲು ಮುಚ್ಚಿದೆ ಅಂತ ನಿಮ್ಮ ದೋಸ್ತಿಗೆ ಯಾರೋ ಹೇಳಿರ್ತಾರೆ, ನೋಡಿ. ಮುರಿದ ಫರ್ಮಿನ ಲೆಕ್ಕ ಕೇಳುದಕ್ಕೆ ಆ ಅಡ್ಡಿ ಇಲ್ಲ, ಪಾರ್ಟ್ನರ್‌ಶಿಪ್ ಆಕ್ಟ್ ಸೆಕ್ಷನ್ 69ರಲ್ಲೇ ವಿನಾಯಿತಿ ಉಂಟು. ಇನ್ನೊಂದು, ಪಾಲುದಾರಿಕೆ ಒಪ್ಪಂದದ ಜಗಳ 3 ಲಕ್ಷಕ್ಕಿಂತ ಮೇಲೆ ಇದ್ರೆ ಅದು ಕಮರ್ಷಿಯಲ್ ಕೇಸ್, ತುರ್ತು ತಡೆಯಾಜ್ಞೆ ಬೇಡದಿದ್ರೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮೀಡಿಯೇಶನ್ ಕಡ್ಡಾಯ. ಅದ್ರಲ್ಲಿ ಹೋದ ಸಮಯ ಮಾತ್ರ ಲಿಮಿಟೇಶನ್ ಲೆಕ್ಕಕ್ಕೆ ಬರುದಿಲ್ಲ. ಮಾತುಕತೆಯೇ ಬೇಕು ಅಂತ ಹಿರಿಯರಿಗೆ ಆಸೆ ಇದ್ರೆ ಅವ್ರನ್ನೂ ಅಲ್ಲಿಗೇ ಕರ್ಕೊಂಡು ಹೋಗಿ. ಬೋಟ್ ಮಾರುವ ಸುದ್ದಿ ಬಂದ್ರೆ ಮೀಡಿಯೇಶನ್ ಕಾಯದೆ ನೇರ ತಡೆಯಾಜ್ಞೆಗೆ ಹೋಗಿ.

ಪ್ರಶ್ನೆ: ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿ ಉಳಿಸಿದ ಹಣದಲ್ಲಿ 2014ರಲ್ಲಿ ಮೂಡುಬಿದಿರೆ ಹತ್ರ 7 ಸೆಂಟ್ಸ್ ಜಾಗ ಹೆಂಡತಿ ಹೆಸರಲ್ಲಿ ತೆಗೊಂಡೆ. 2023ರಲ್ಲಿ ಡೈವೋರ್ಸ್. ಅದೇ ಅಕ್ಟೋಬರಲ್ಲಿ ನೋಟೀಸ್ ಕೊಟ್ರೆ "ಜಾಗ ನನ್ನದೇ" ಅಂತ ಉತ್ತರ ಬಂತು. ಬೇನಾಮಿ ಅಂತ ಕೇಸ್ ಹಾಕ್ಲಿಕ್ಕೇ ಆಗುದಿಲ್ಲ ಅಂತಾರೆ. (ಬಜ್ಪೆ)

ಉತ್ತರ: ಬೇನಾಮಿ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳ ಹೆಸರಲ್ಲಿ ಗೊತ್ತಿರುವ ಆದಾಯದಿಂದ ತೆಗೊಂಡದ್ದಕ್ಕೆ ವಿನಾಯಿತಿ ಉಂಟು, ಹಾಗಾಗಿ ಕೇಸೇ ಇಲ್ಲ ಅಂತ ಅಲ್ಲ. ಆದ್ರೆ ನೀವು ತೆಗೊಂಡ ಕಾಲದ ಕಾನೂನಲ್ಲಿ, ಅಂದ್ರೆ 2016ರ ತಿದ್ದುಪಡಿಗೆ ಮೊದಲು, ಹೆಂಡತಿ ಹೆಸರಲ್ಲಿ ತೆಗೊಂಡದ್ದು ಅವಳ ಒಳಿತಿಗೇ ಅಂತ ಭಾವಿಸ್ಬೇಕು ಅಂತಿತ್ತು, ಅಲ್ಲ ಅಂತ ತೋರಿಸುವ ಹೊರೆ ನಿಮ್ಮದು. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಲುದಿಲ್ಲ, ಹಣ ನಿಮ್ಮದು ಅಂತ ಗೊತ್ತಾಗ್ತದೆ, ಉದ್ದೇಶ ಗೊತ್ತಾಗುದಿಲ್ಲ. ತೆರಿಗೆ ಕಟ್ಟಿದ್ದು ಯಾರು, ಮೂಲ ದಸ್ತಾವೇಜು ಯಾರ ಹತ್ರ, ಬೇಲಿ ಬಾವಿ ಮಾಡಿಸಿದ್ದು ಯಾರು, ಇದೆಲ್ಲ ಬೇಕು. ಹಕ್ಕು ಘೋಷಣೆಯ ದಾವೆಗೆ ಮೂರು ವರ್ಷ, ಅವ್ರು ಮೊದಲ ಸಲ ಅಲ್ಲಗಳೆದದ್ದು ಆ ಉತ್ತರದಲ್ಲಿ ಅಂತಾದ್ರೆ ಅದು ನಿಮಗೆ ಮುಟ್ಟಿದ ದಿನದಿಂದ ಲೆಕ್ಕ ಹಾಕಿ. ಅದಕ್ಕೂ ಮೊದಲು, ಡೈವೋರ್ಸ್ ಕೇಸಿನ ಆಬ್ಜೆಕ್ಷನ್ನಲ್ಲೋ ಮತ್ತೊಂದರಲ್ಲೋ ಹಾಗೆ ಹೇಳಿದ್ರೆ ಗಡಿಯಾರ ಅಲ್ಲಿಂದ್ಲೇ ಶುರು, ಹಾಗಾಗಿ ಹಳೆ ಫೈಲ್ ಒಮ್ಮೆ ತಿರುವಿ ಹಾಕಿ. ನನ್ನ ಅಭಿಪ್ರಾಯ ಕೇಳಿದ್ರೆ ನಿಮ್ಮದು ಗಟ್ಟಿ ಕೇಸಲ್ಲ, ರಾಜಿಗೆ ಒಂದು ಬಾಗಿಲು ತೆರೆದಿಟ್ಟು ದಾವೆ ಹಾಕಿ.

ಪ್ರಶ್ನೆ: ಜೀವನಾಂಶ ತಿಂಗಳಿಗೆ 6,000 ಅಂತ 2022ರಲ್ಲಿ 125ನೇ ಸೆಕ್ಷನಲ್ಲಿ ಆರ್ಡರ್ ಆಗಿದೆ, ಒಂದು ರೂಪಾಯಿ ಬರ್ಲಿಲ್ಲ, ನಾನೂ ಸುಮ್ಮನಿದ್ದೆ. ಎಲ್ಲ ಒಟ್ಟಿಗೆ ಕೇಳ್ಬಹುದಾ? (ಬ್ರಹ್ಮಾವರ)

ಉತ್ತರ: ಈ ಸೆಕ್ಷನಲ್ಲಿ (ಹಳೆ ಕ್ರಿಮಿನಲ್ ಪ್ರೊಸೀಜರ್ ಕೋಡಿನ 125, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 144) ಬಾಕಿ ಆದ ಒಂದು ವರ್ಷದೊಳಗೆ ಅರ್ಜಿ ಹಾಕಿದ್ರೆ ಮಾತ್ರ ವಾರಂಟ್. ಹಾಗಾಗಿ ಈಗ ಹಾಕಿದ್ರೆ ಕಳೆದ 12 ತಿಂಗಳದ್ದು, 72,000, ಗಟ್ಟಿ. ಅದಕ್ಕಿಂತ ಹಿಂದಿನದ್ದು ಈ ದಾರಿಯಲ್ಲಿ ಬರುದಿಲ್ಲ, ಜೀವನಾಂಶದ ಆದೇಶವನ್ನು ಹಣದ ಡಿಕ್ರಿಯ ಹಾಗೆ ಜಾರಿ ಮಾಡ್ಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಹಿಡಿದು ಕೇಳಿ ನೋಡ್ಬಹುದು. ಒಮ್ಮೆ ಅರ್ಜಿ ಹಾಕಿದ್ರೆ ಅದು ನಡೀತಾ ಇರುವಾಗ ಸೇರುವ ಹೊಸ ಬಾಕಿಗೆ ಪ್ರತಿ ವರ್ಷ ಬೇರೆ ಅರ್ಜಿ ಬೇಡ, 2005ರಲ್ಲಿ ಕರ್ನಾಟಕದ್ದೇ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ವಕೀಲರ ಫೀಸಿಗೆ ಹೆದರಿ ಕೂತದ್ದಾದ್ರೆ ಉಡುಪಿ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ. ಆರ್ಡರಿನ ಸರ್ಟಿಫೈಡ್ ಕಾಪಿ, ಆಧಾರ್, ಹಣ ಬರ್ಲಿಲ್ಲ ಅಂತ ತೋರಿಸುವ ಪಾಸ್‌ಬುಕ್ ತೆಗೊಂಡು ಈ ತಿಂಗಳೇ ಹೋಗಿ, ಯಾಕಂದ್ರೆ ಮುಂದಿನ ತಿಂಗಳಿಗೆ ಇನ್ನೊಂದು 6,000 ಹಿಂದಿನಿಂದ ಹೋಗ್ತದೆ.